ವಿದ್ಯುತ್ ಗುತ್ತಿಗೆದಾರರ ಸಂಘದ ಒಂದು ವರ್ಷ ಮತ್ತು ಉಳಿದಿರುವ ಒಂದು ಕೆಲಸ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿಯಲ್ಲಿ ನಡೆದ ನಮ್ಮ ಭಾಗದ ವಿದ್ಯುತ್ ಗುತ್ತಿಗೆದಾರರ ಸಂಘದ ವಾರ್ಷಿಕ ಸಭೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಜಾಗದ ಮಿತಿಯಿಂದಾಗಿ ಅತಿಥಿಗಳ ಹೆಸರು, ಸನ್ಮಾನಿತರ ಫೋಟೊ ಹಾಗೂ ಹೊಸ ಪದಾಧಿಕಾರಿಗಳ ಪಟ್ಟಿಯಷ್ಟೇ ಅದರಲ್ಲಿ ಉಳಿದುಕೊಂಡು, ಸಂಘವು ವರ್ಷವಿಡೀ ಏನು ಮಾಡಿತೆಂಬುದು ಓದುಗರಿಗೆ ತಲುಪಿಲ್ಲ. ಹಾವೇರಿ ಜಿಲ್ಲೆಯಲ್ಲಿ ಬಹುಕಾಲದಿಂದ ಈ ವೃತ್ತಿ ಮಾಡಿಕೊಂಡಿರುವ, ಸಂಘದ ಯಾವ ಹುದ್ದೆಯಲ್ಲೂ ಇಲ್ಲದ ಸಾಮಾನ್ಯ ಸದಸ್ಯನಾಗಿ ಅದನ್ನು ಬರೆಯಬೇಕೆನಿಸಿತು. ಸಂಘ ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ಗೋಡೆಯೊಳಗಿನ ವೈರಿಂಗನ್ನು ನಂಬಿ ಬದುಕುವ ಸಾರ್ವಜನಿಕರಿಗೆ ನೇರವಾಗಿ ಸಂಬಂಧಿಸಿದವು. ಮಾಡದೆ ಉಳಿಸಿದ ಒಂದು ಕೆಲಸವಂತೂ ಅವರ ಜೀವಕ್ಕೇ ಸಂಬಂಧಿಸಿದ್ದು.

ಮನೆಗೆ ವೈರಿಂಗ್ ಮಾಡುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ತಂದು 2023ರಲ್ಲಿ ಹೊಸದಾಗಿ ಹೊರಡಿಸಿದ ಸುರಕ್ಷತಾ ನಿಯಮಗಳ ಪ್ರಕಾರ, ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ ಉಳಿದೆಲ್ಲ ಅಳವಡಿಕೆಯನ್ನೂ ಲೈಸೆನ್ಸ್ ಹೊಂದಿದ ಗುತ್ತಿಗೆದಾರನೇ ಮಾಡಬೇಕು. ಅರ್ಹತಾಪತ್ರ ಪಡೆದ ಮೇಲ್ವಿಚಾರಕ ಅದನ್ನು ನೋಡಿಕೊಳ್ಳಬೇಕು. ಕೈಯಲ್ಲಿ ಇಕ್ಕಳ ಹಿಡಿದು ಕೆಲಸ ಮಾಡುವವನ ಬಳಿ ವೈರ್‌ಮನ್ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಇವನ್ನೆಲ್ಲ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಗುತ್ತಿಗೆದಾರ ತಾನೇ ಪರೀಕ್ಷೆ ಮಾಡಿ, ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿಕೊಟ್ಟ ನಂತರ ಮೀಟರು ಕೂರುತ್ತದೆ, ಆರ್.ಆರ್. ನಂಬರ್ ಸಿಗುತ್ತದೆ. ಆ ಒಂದು ಸಹಿಯ ಹಿಂದೆ ಇಡೀ ಮನೆಯವರ ಸುರಕ್ಷತೆ ನಿಂತಿದೆ.

ಈ ವರ್ಷ ಸಂಘದ ಹೆಚ್ಚಿನ ಶಕ್ತಿ ಹೋದದ್ದು ಓಸಿ ಪ್ರಶ್ನೆಗೆ. ಓಸಿ ಎಂದರೆ ಕಟ್ಟಡ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ. ಮೇರಠ್‌ನ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ತೀರ್ಪು ನೀಡುತ್ತ, ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ಹಾಜರುಪಡಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. 2025ರಲ್ಲಿ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು ಅದನ್ನು ಜಾರಿಗೆ ತಂದಾಗ ಸಾವಿರಾರು ಮನೆಗಳ ಅರ್ಜಿಗಳು ಇದ್ದಲ್ಲಿಯೇ ನಿಂತವು. ತೀರ್ಪಿನ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ನಕ್ಷೆ ಮೀರಿ ಕಟ್ಟುವವರಿಗೆ ಎಲ್ಲಿಯಾದರೂ ಒಂದು ತಡೆ ಬೇಕೇ ಬೇಕು. ಆದರೆ ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಕೊಂಡವರಿಗೆ ಓಸಿ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ವಾಸ್ತುಶಾಂತಿಯ ದಿನ ನಿಗದಿ ಮಾಡಿಕೊಂಡವರು, ಬಾಡಿಗೆ ಮನೆ ಬಿಟ್ಟು ಸಾಮಾನು ಸಾಗಿಸಿದವರು ಮೀಟರಿಲ್ಲದ ಮನೆಯಲ್ಲಿ ಕೂತರು. ಕೆಲವರು ಹೆಚ್ಚಿನ ದರದ ತಾತ್ಕಾಲಿಕ ಸಂಪರ್ಕದ ಮೇಲೆ ತಿಂಗಳುಗಟ್ಟಲೆ ಬಿಲ್ಲು ಕಟ್ಟಿದರು. ಇನ್ನು ಕೆಲವರು ಪಕ್ಕದ ಮನೆಯಿಂದ ಕಾಂಪೌಂಡ್ ಮೇಲೆ ವೈರು ಎಳೆದುಕೊಂಡರು. ಒಂದು ಮನೆಗೆಂದು ಹಾಕಿದ ಸರ್ವಿಸ್ ವೈರಿನ ಮೇಲೆ ಎರಡು ಮನೆಯ ಗೀಜರು, ಮೋಟಾರು ನಡೆದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮೀಟರು ಕೂತ ಮೇಲೆಯೇ ಮಾಲೀಕ ಕೊನೆಯ ಕಂತು ಕೊಡುವ ರೂಢಿ ಇರುವುದರಿಂದ ಗುತ್ತಿಗೆದಾರನ ಹಣವೂ ಅಲ್ಲಿಯೇ ಸಿಕ್ಕಿಕೊಂಡಿತು.

ಇಂಥ ಹೊತ್ತಿನಲ್ಲಿ ಸಂಘ ಬೀದಿಗಿಳಿದು ಘೋಷಣೆ ಕೂಗುವುದರಲ್ಲಿ ಸಮಯ ಕಳೆಯಲಿಲ್ಲ ಎಂಬುದನ್ನು ನಾನು ಮೆಚ್ಚುಗೆಯಿಂದಲೇ ದಾಖಲಿಸುತ್ತೇನೆ. ಮನವಿಗಳನ್ನು ಕೊಟ್ಟರು, ನಿಜ. ಅದರ ಜೊತೆಗೆ ಸದಸ್ಯರ ಬಳಿ ಬಾಕಿ ಉಳಿದ ಫೈಲುಗಳನ್ನೆಲ್ಲ ತರಿಸಿಕೊಂಡು, ನಿವೇಶನದ ಅಳತೆ ಮತ್ತು ಮಹಡಿಗಳ ಲೆಕ್ಕದಲ್ಲಿ ಬೇರೆಬೇರೆ ಮಾಡಿ ಇಟ್ಟರು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು ಅಂತಸ್ತು, ಅಥವಾ ವಾಹನ ನಿಲುಗಡೆಯ ಸ್ಟಿಲ್ಟ್ ಮೇಲೆ ಮೂರು ಅಂತಸ್ತು ಇರುವ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡುವ ತೀರ್ಮಾನ ಮಾಡಿದಾಗ, ಯಾವ ಫೈಲು ಅದರೊಳಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಹೇಳಲು ಸಂಘದ ಕಚೇರಿಯಲ್ಲಿ ಕಾಗದಗಳು ಸಿದ್ಧವಾಗಿದ್ದವು. ಹಳ್ಳಿಯಿಂದ ಬಂದ ಮನೆಮಾಲೀಕರನ್ನೂ ಕೂರಿಸಿಕೊಂಡು, ಯಾವ ದಾಖಲೆ ಎಲ್ಲಿ ಸಿಗುತ್ತದೆಂದು ಬರೆದುಕೊಟ್ಟು ಕಳಿಸಿದ್ದನ್ನು ನಾನು ಅಲ್ಲಿ ಕೂತು ನೋಡಿದ್ದೇನೆ. ಸದಸ್ಯತ್ವದ ವಂತಿಗೆ ಕಟ್ಟದವರಿಗೂ ಅಲ್ಲಿ ಇಲ್ಲವೆನ್ನಲಿಲ್ಲ.

ಎರಡನೆಯ ದೊಡ್ಡ ಕೆಲಸ ಅರ್ತಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ತಂತಿಯ ಮೂಲಕ ನೆಲಕ್ಕೆ ಇಳಿಸುವ ವ್ಯವಸ್ಥೆ ಕುರಿತ ತರಬೇತಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೊಡಬೇಕು, ಏಕೆಂದರೆ ಇದು ಪ್ರತಿ ಮನೆಗೂ ತಟ್ಟುವ ಸಂಗತಿ. ನಮ್ಮ ಹಳೆಯ ಓಣಿಗಳ ಮನೆಗಳಲ್ಲಿ ಅರ್ತ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿ ಬಿಡುವ ರೂಢಿ ಇತ್ತು. ನೆಲದೊಳಗೆ ಉದ್ದಕ್ಕೂ ಹೋದ ಕಬ್ಬಿಣದ ಪೈಪು ಅಷ್ಟುಮಟ್ಟಿಗೆ ಕೆಲಸವನ್ನೂ ಮಾಡುತ್ತಿತ್ತು. ಕಾಲಕ್ರಮದಲ್ಲಿ ನೀರಿನ ಕೊಳವೆಗಳನ್ನು ಬದಲಿಸುತ್ತ ಬಂದಂತೆ ಕಬ್ಬಿಣದ ಜಾಗಕ್ಕೆ ಪ್ಲಾಸ್ಟಿಕ್ ಪೈಪುಗಳು ಬಂದವು. ನೀರು ಚೆನ್ನಾಗಿ ಬರತೊಡಗಿತು. ಆದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಆ ಮನೆಯ ಅರ್ತಿಂಗ್ ಯಾರ ಗಮನಕ್ಕೂ ಬಾರದೆ ಅಂದೇ ಸತ್ತುಹೋಯಿತು. ಮೂರು ಪಿನ್ನಿನ ಪ್ಲಗ್ಗು ಹಾಗೆಯೇ ಇದೆ, ಹಸಿರು ತಂತಿಯೂ ಹಾಗೆಯೇ ಇದೆ, ಆದರೆ ಅದು ನೆಲಕ್ಕೆ ಮುಟ್ಟುತ್ತಿಲ್ಲ. ವಾಷಿಂಗ್ ಮಷಿನ್ನಿನ ಕವಚಕ್ಕೆ ಫೇಸ್ (ವಿದ್ಯುತ್ ಇರುವ ತಂತಿ) ತಗುಲಿದರೆ ಫ್ಯೂಸು ಹೋಗುವುದಿಲ್ಲ, ಫ್ಯೂಸಿನ ಬದಲಿಗೆ ಹಾಕುವ ಎಂಸಿಬಿ ಸ್ವಿಚ್ಚೂ ಬೀಳುವುದಿಲ್ಲ. ಒದ್ದೆ ಕಾಲಿನಲ್ಲಿ ನಿಂತು ಅದನ್ನು ಮುಟ್ಟಿದವರ ಮೈಯೇ ಅರ್ತ್ ಆಗುತ್ತದೆ.

ತರಬೇತಿಯ ಭಾಗವಾಗಿ ಅಂಥ ಒಂದು ಮನೆಯಲ್ಲಿ ಐಟಿಐ ಮುಗಿಸಿದ ಹುಡುಗರ ಕೈಯಲ್ಲೇ ಅರ್ತ್ ಟೆಸ್ಟರ್ ಕೊಟ್ಟು ಅಳತೆ ಮಾಡಿಸಲಾಯಿತು. ಬಚ್ಚಲಮನೆಯ ಗೋಡೆಯಿಂದ ಹೊರಬಂದ ತುಕ್ಕು ಹಿಡಿದ ಪೈಪಿನ ತುಂಡು, ಅದಕ್ಕೆ ಸುತ್ತಿದ ಹಸಿರುಗಟ್ಟಿದ ತಾಮ್ರದ ತಂತಿ, ಅಲ್ಲಿಂದ ಒಂದು ಗೇಣಿನಾಚೆ ಕಪ್ಪು ಪ್ಲಾಸ್ಟಿಕ್ ಪೈಪಿನ ಜೋಡಣೆ: ಆ ಮೂರನ್ನೂ ಒಟ್ಟಿಗೆ ಕಂಡಾಗ ಹುಡುಗರಿಗೆ ಪುಸ್ತಕದಲ್ಲಿ ಓದಿದ್ದು ಒಮ್ಮೆಲೇ ಅರ್ಥವಾಯಿತು. ನಮ್ಮ ಎರೆ ಭೂಮಿಯ ಗುಣವನ್ನೂ ಅದೇ ದಿನ ತಿಳಿಸಿಕೊಡಲಾಯಿತು. ಮಳೆಗಾಲದಲ್ಲಿ ಎರೆ ಮಣ್ಣು ಹಸಿ ಹಿಡಿದುಕೊಂಡು ಅರ್ತಿಂಗಿಗೆ ಅನುಕೂಲವಾಗಿರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು, ಅರ್ತಿಂಗಿಗಾಗಿ ಗುಂಡಿಯಲ್ಲಿ ಹೂತ ಲೋಹದ ರಾಡಿನಿಂದ ದೂರ ಸರಿಯುತ್ತದೆ. ಆಗಸ್ಟಿನಲ್ಲಿ ಅಳೆದು ಸರಿಯಿದೆಯೆಂದು ಬರೆದುಕೊಟ್ಟ ಅರ್ತ್ ಗುಂಡಿ ಏಪ್ರಿಲಿನಲ್ಲಿಯೂ ಸರಿಯಿರುತ್ತದೆಂದು ಹೇಳಲಾಗದು. ಆದ್ದರಿಂದ ಅಳತೆಯನ್ನು ಬೇಸಿಗೆಯಲ್ಲಿ ಮಾಡಬೇಕು, ಗುಂಡಿಗೆ ನೀರು ಹಾಕುವ ವ್ಯವಸ್ಥೆ ಇರಬೇಕು, ಇದರ ಜೊತೆಗೆ ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು ಹಾಕಲೇಬೇಕು. ಗ್ರಾನೈಟ್ ಕಟ್ಟೆಗೆ ಧಾರಾಳವಾಗಿ ಹಣ ಸುರಿಯುವ ಮಾಲೀಕರು ಈ ಒಂದು ಉಪಕರಣದ ಬಳಿ ಬಂದು ಚೌಕಾಸಿ ಮಾಡುವುದು ನನಗೆ ಇಂದಿಗೂ ನೋವು ತರುವ ವಿಷಯ.

ವೈರ್‌ಮನ್‌ಗಳ ವಿಚಾರದಲ್ಲಿಯೂ ಸಂಘ ಈ ವರ್ಷ ಕಣ್ಣು ತೆರೆಯಿತು. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನರೂ ನೋಂದಾಯಿಸಿಕೊಳ್ಳಬಹುದು. ಇವೆರಡೂ ಇಲ್ಲದೆ ಕಂಬ ಹತ್ತುವವರೇ ನಮ್ಮಲ್ಲಿ ಹೆಚ್ಚು. 90 ದಿನದ ಕೆಲಸಕ್ಕೆ ದೃಢೀಕರಣ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಗುತ್ತಿಗೆದಾರರಿಗೆ ಸಂಘವೇ ತಿಳಿಹೇಳಿ, ತಾಲೂಕುವಾರು ಶಿಬಿರ ಮಾಡಿ ಅರ್ಜಿ ಹಾಕಿಸಿತು. ಬಿಲ್ಲು ಬಾಕಿ, ಟೆಂಡರ್ ದರಪಟ್ಟಿ, ಜಿಎಸ್‌ಟಿ ಇತ್ಯಾದಿಗಳ ಬಗ್ಗೆಯೂ ಮನವಿಗಳು ಹೋದವು. ಅವು ಪ್ರತಿವರ್ಷದ ಕಥೆಯಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಗಣೇಶೋತ್ಸವದ ಪೆಂಡಾಲುಗಳ ತಾತ್ಕಾಲಿಕ ವೈರಿಂಗನ್ನು ಸದಸ್ಯರು ಹುಬ್ಬಳ್ಳಿಯಲ್ಲಿ ಉಚಿತವಾಗಿ ಪರಿಶೀಲಿಸಿಕೊಟ್ಟದ್ದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದ ಸೇವೆ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಪ್ರಾಣ ಬಿಟ್ಟದ್ದನ್ನು ಈ ಭಾಗದವರು ಮರೆತಿಲ್ಲ. ಮಳೆಯಲ್ಲಿ ನೆಂದ ಕಬ್ಬಿಣದ ಚೌಕಟ್ಟು, ಟೇಪು ಸುತ್ತಿ ನೆಲದ ಮೇಲೆ ಬಿಟ್ಟ ಜಾಯಿಂಟು, ಮಂಟಪದ ನೆತ್ತಿಯ ಮೇಲೆ ಹಾದುಹೋಗುವ ಲೈನು: ಇವನ್ನು ಗುರುತಿಸಿ ಸರಿಪಡಿಸಲು ಅನುಭವಿಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಗದಗ ಮತ್ತು ಹಾವೇರಿಯ ಜಾತ್ರೆಗಳಿಗೂ ಈ ಪರಿಶೀಲನೆ ವಿಸ್ತರಿಸಬೇಕು.

ಇನ್ನು, ಉಳಿದುಹೋದ ಕೆಲಸಕ್ಕೆ ಬರುತ್ತೇನೆ. ಸಂಘದ ಒಳಗಿನವನಾಗಿ ಇದನ್ನು ಬಹಿರಂಗವಾಗಿ ಬರೆಯುವುದು ಕೆಲವರಿಗೆ ಸರಿ ಕಾಣಲಾರದು. ಆದರೂ ಸಹಿಯ ಮಾರಾಟ ನಿಲ್ಲದ ಹೊರತು ತರಬೇತಿಯಾಗಲಿ ಶಿಬಿರವಾಗಲಿ ಜನರನ್ನು ಕಾಪಾಡಲಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪಾಯಿಂಟಿಗೆ ಇಷ್ಟೆಂದು ಕಡಿಮೆ ದರಕ್ಕೆ ಒಪ್ಪಿದವರಿಂದ ಮಾಲೀಕ ವೈರಿಂಗ್ ಮಾಡಿಸಿಕೊಳ್ಳುತ್ತಾನೆ. ಅವರ ಬಳಿ ಪರ್ಮಿಟ್ ಇರುವುದಿಲ್ಲ. ಪ್ಲಾಸ್ಟರ್ ಆಗಿ, ಬಣ್ಣ ಬಳಿದ ಮೇಲೆ ಮೀಟರಿಗೆಂದು ಲೈಸೆನ್ಸ್ ಇರುವ ಒಬ್ಬನನ್ನು ಹುಡುಕುತ್ತಾನೆ. ಅವನು ಮನೆಯ ಹೊಸ್ತಿಲನ್ನೂ ತುಳಿಯದೆ, ತನ್ನ ಅಂಗಡಿಯ ಮೇಜಿನ ಮೇಲೆಯೇ ರಿಪೋರ್ಟಿಗೆ ಸಹಿ ಹಾಕಿ ಹಣ ಎಣಿಸಿಕೊಳ್ಳುತ್ತಾನೆ. ತಂತಿಯ ಹೊದಿಕೆ ವಿದ್ಯುತ್ ಸೋರದಂತೆ ಎಷ್ಟು ತಡೆಯುತ್ತದೆಂದು (ಇನ್ಸುಲೇಶನ್) ಅಳೆಯುವ ಉಪಕರಣ ಮೆಗ್ಗರು. ನಿಯಮದ ಪ್ರಕಾರ 500 ವೋಲ್ಟಿನ ಮೆಗ್ಗರನ್ನು ಒಂದು ನಿಮಿಷ ಹಚ್ಚಿದಾಗ ಇನ್ಸುಲೇಶನ್ ಕನಿಷ್ಠ 1 ಮೆಗಾ ಓಮ್ ಇರಬೇಕು. ಮೆಗ್ಗರು ಪೆಟ್ಟಿಗೆಯಿಂದ ಹೊರಬರದಿದ್ದರೂ ಅಂಥ ರಿಪೋರ್ಟುಗಳಲ್ಲಿ ಅಂಕಿಗಳು ತುಂಬಿರುತ್ತವೆ. ಗೋಡೆಯೊಳಗಿನ ಜಾಯಿಂಟು ಹೇಗಿದೆ, ಅರ್ತ್ ತಂತಿ ಎಲ್ಲಿಗೆ ಹೋಗಿದೆ ಎಂಬುದು ಸಹಿ ಮಾಡಿದವನಿಗೂ ಗೊತ್ತಿಲ್ಲ, ಮಾಲೀಕನಿಗೂ ಗೊತ್ತಿಲ್ಲ.

ಹೀಗೆ ಮಾಡುವವರು ನಮ್ಮಲ್ಲಿ ಎಲ್ಲರೂ ಅಲ್ಲ, ಹೆಚ್ಚಿನವರೂ ಅಲ್ಲ. ಆದರೆ ಅವರಿಂದಾಗಿ ಪರೀಕ್ಷೆ ಮಾಡಿಯೇ ಸಹಿ ಹಾಕುವ ಗುತ್ತಿಗೆದಾರ ದುಬಾರಿಯವನೆನಿಸಿಕೊಂಡು ಕೆಲಸ ಕಳೆದುಕೊಳ್ಳುತ್ತಿದ್ದಾನೆ. ಸದಸ್ಯರ ಹಿತ ಕಾಯುವ ಸಂಘಕ್ಕೆ ಸದಸ್ಯರ ಮೇಲೆಯೇ ಕ್ರಮ ಕೈಗೊಳ್ಳುವುದು ಕಷ್ಟವೆಂದು ನಾನು ಬಲ್ಲೆ. ಈ ವರ್ಷದ ಸಭೆಯಲ್ಲಿಯೂ ವಿಷಯ ಚರ್ಚೆಗೆ ಬಂದು, ಮುಂದೆ ನೋಡೋಣವೆಂಬಲ್ಲಿಗೆ ನಿಂತಿತು. ಪ್ರಾಮಾಣಿಕವಾಗಿ ದುಡಿಯುವ ಸದಸ್ಯನ ಹಿತವೂ ಸದಸ್ಯರ ಹಿತವೇ ಎಂಬುದನ್ನು ಹೊಸ ಪದಾಧಿಕಾರಿಗಳು ಗಮನಿಸಬೇಕು. ದೂರು ಬಂದಾಗ ಸ್ಥಳಕ್ಕೆ ಹೋಗಿ ಪರೀಕ್ಷಿಸುವ ಹಿರಿಯರ ಸಮಿತಿಯೊಂದನ್ನು ರಚಿಸಿ, ನೋಡದೆ ಸಹಿ ಹಾಕಿದ್ದು ಸಾಬೀತಾದರೆ ಸದಸ್ಯತ್ವ ಅಮಾನತುಗೊಳಿಸಿ, ಪರಿವೀಕ್ಷಣಾಲಯಕ್ಕೆ ಬರೆಯುವ ಅಧಿಕಾರವನ್ನು ಅದಕ್ಕೆ ಕೊಡಬೇಕೆಂದು ಒತ್ತಾಯಿಸುತ್ತೇನೆ.

ಮನೆಮಾಲೀಕರಿಂದಲೂ ಸ್ವಲ್ಪ ಸಹಕಾರ ಬೇಕು. ಕೆಲಸ ಒಪ್ಪಿಸುವ ಮೊದಲು ಲೈಸೆನ್ಸ್ ಕೇಳಿ ನೋಡುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ನಿಜವಾದ ಗುತ್ತಿಗೆದಾರ ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಪರೀಕ್ಷೆಯ ದಿನ ಎದುರಿಗೆ ನಿಂತು ಮೆಗ್ಗರಿನ ಅಂಕಿಯನ್ನು ತಾವೇ ಓದಬೇಕು. ರಿಪೋರ್ಟಿನ ಒಂದು ಪ್ರತಿಯನ್ನು ಮನೆಯ ಖಾತೆಪತ್ರಗಳ ಜೊತೆ ಇಟ್ಟುಕೊಳ್ಳಬೇಕು.

ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಯ ಏಳು ಜಿಲ್ಲೆಗಳಲ್ಲಿ ದಿನನಿತ್ಯ ಹೊಸ ಮೀಟರುಗಳು ಕೂರುತ್ತಿವೆ. ಪ್ರತಿ ಹೊಸ ಸಂಪರ್ಕದ ಮೇನ್ ಬೋರ್ಡಿನ ಮೇಲೆ ಗುತ್ತಿಗೆದಾರನ ಲೈಸೆನ್ಸ್ ಸಂಖ್ಯೆ, ಪರೀಕ್ಷೆ ನಡೆದ ದಿನಾಂಕ, ಅರ್ತ್ ಮತ್ತು ಇನ್ಸುಲೇಶನ್ ಅಳತೆ ಇರುವ ಒಂದು ಚೀಟಿ ಅಂಟಿಸಿ, ಅದರ ಫೋಟೊವನ್ನು ಅರ್ಜಿಯ ಜೊತೆ ಸಲ್ಲಿಸುವ ಕ್ರಮ ತಂದರೆ, ಮನೆಗೆ ಕಾಲಿಡದೆ ಸಹಿ ಹಾಕುವುದು ಕಷ್ಟವಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ. ಚೀಟಿಗಳನ್ನು ಮುದ್ರಿಸಿ ಒದಗಿಸುವ ಹೊಣೆಯನ್ನು ಸಂಘವೇ ಹೊರಬಹುದು. ಹೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳು ಸಂಘದ ಹೊಸ ಪದಾಧಿಕಾರಿಗಳನ್ನು ಕರೆದು ಕೂರಿಸಿಕೊಂಡು, ಈ ಮಳೆಗಾಲ ಶುರುವಾಗುವುದರೊಳಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಾದರೂ ಇದನ್ನು ಜಾರಿಗೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿದ್ಯುತ್ ಗುತ್ತಿಗೆದಾರ, ಹಾವೇರಿ