ಕೆಂಪು ಮಾಂಸ: ತಟ್ಟೆಯಲ್ಲೇ ತಪ್ಪುವ ಲೆಕ್ಕ

ಮಾನ್ಯರೇ,

ಕುರಿ, ಮೇಕೆ, ದನ, ಹಂದಿ ಇವೆಲ್ಲದರ ಮಾಂಸವೂ ವೈದ್ಯರ ಲೆಕ್ಕದಲ್ಲಿ ‘ಕೆಂಪು ಮಾಂಸ’. ಅದನ್ನು ತಿಂದರೆ ಕ್ಯಾನ್ಸರ್ ಬರುತ್ತದೆಂದು ಒಮ್ಮೆ, ಹೆದರಬೇಕಿಲ್ಲವೆಂದು ಇನ್ನೊಮ್ಮೆ ಸುದ್ದಿ ಬಂದರೆ ಓದುಗರು ಯಾವುದನ್ನು ನಂಬಬೇಕು? ಗೊಂದಲದ ಬೇರು ಹೆಚ್ಚಾಗಿ ಅಳತೆಯಲ್ಲಿದೆ.

ದೊಡ್ಡ ಅಧ್ಯಯನಗಳಲ್ಲಿ ಯಾರೂ ತಟ್ಟೆ ತೂಗುವುದಿಲ್ಲ. ‘ಕಳೆದ ವರ್ಷ ಎಷ್ಟು ಸಲ ತಿಂದಿರಿ’ ಎಂಬ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ. 1976ರಲ್ಲಿ ಶುರುವಾದ ಅಮೆರಿಕದ ದಾದಿಯರ ಅಧ್ಯಯನವೂ ಹೀಗೆಯೇ ನಡೆದದ್ದು. ಒಂದು ಹ್ಯಾಂಬರ್ಗರ್ ಎಂದರೆ ಅಲ್ಲಿ ಎಣಿಕೆ ಸಿಗುತ್ತದೆ. ನಮ್ಮ ಮಟನ್ ಸಾರಿಗೆ ಆ ಎಣಿಕೆ ಒಗ್ಗದು. ಮೂಳೆ ಸಮೇತ ಒಂದು ಕೆ.ಜಿ. ತಂದಿರಿ ಎನ್ನಿ. ಮೂಳೆ 250 ಗ್ರಾಂ ಕಳೆದರೆ ಉಳಿದ 750 ಗ್ರಾಂ, ಬೆಂದು ನೀರು, ಕೊಬ್ಬು ಬಿಟ್ಟ ಮೇಲೆ 500ರ ಆಸುಪಾಸಿಗೆ ಇಳಿಯುತ್ತದೆ. ಐದು ಮಂದಿಗೆ ಹಂಚಿದರೆ ತಲಾ 100 ಗ್ರಾಂ. ಆದರೆ ತುಂಡುಗಳು ಸಮನಾಗಿ ಬೀಳುವುದಿಲ್ಲ. ಎಲ್ಲರಿಗೂ ಬಡಿಸಿದ ತಾಯಿ ಬರೀ ಸಾರಿನಲ್ಲಿ ಮುದ್ದೆ ಉಂಡಿರುತ್ತಾಳೆ. ‘ಒಂದು ಸೌಟು’ ಎಂದು ಬರೆದುಕೊಂಡರೆ ಇದ್ಯಾವುದೂ ತಿಳಿಯುವುದಿಲ್ಲ. ಬರೆದದ್ದು ಹಸಿ ತೂಕವೋ ಬೆಂದ ತೂಕವೋ ಎಂದು ನಮೂದಿಸದಿದ್ದರೆ ಅಲ್ಲೇ ಮೂರರಲ್ಲೊಂದು ಪಾಲು ತಪ್ಪು.

ದಿನವನ್ನೂ ನೋಡಬೇಕು. ಸೋಮವಾರ ಹೋಗಿ ನಿನ್ನೆ ಏನುಂಡಿರಿ ಎಂದರೆ ಭಾನುವಾರದ ಬಾಡೂಟ, ಮಂಗಳವಾರ ಹೋದರೆ ಸೋಮವಾರದ ಸೊಪ್ಪಿನ ಸಾರು. ಶ್ರಾವಣ ಮುಗಿಯುವ ಹೊತ್ತಿಗೆ ‘ಕಳೆದ ತಿಂಗಳು’ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಸೊನ್ನೆ; ಹೊಸತೊಡಕಿನ ಮರುದಿನ ಕೇಳಿದರೆ ವರ್ಷವಿಡೀ ಹೀಗೇ ತಿನ್ನುತ್ತಾರೆನ್ನಿಸುತ್ತದೆ. ದನದ ಮಾಂಸದ ಪ್ರಶ್ನೆಗೆ ಅಕ್ಕಪಕ್ಕದವರ ಎದುರು ‘ಇಲ್ಲ’ ಎಂದುಬಿಡುವವರೂ ಇದ್ದಾರೆ. ಹಾಗಾಗಿ ಒಂದೇ ಮನೆಗೆ ಬೇರೆ ಬೇರೆ ತಿಂಗಳು, ವಾರದ ಬೇರೆ ಬೇರೆ ದಿನಗಳಂದು ಕನಿಷ್ಠ ಮೂರು ಸಲ ಹೋಗಬೇಕು. ಅಡುಗೆ ಮಾಡಿದವರನ್ನೇ ಕೇಳಬೇಕು, ಆ ಮನೆಯ ಸೌಟನ್ನೇ ಅಳೆಯಬೇಕು, ತುಂಡನ್ನು ತಕ್ಕಡಿಗೆ ಹಾಕಬೇಕು.

ಅಳತೆ ಸರಿಹೋದರೂ ತೊಡಕು ಮುಗಿಯದು. ಪಾಶ್ಚಾತ್ಯ ಅಧ್ಯಯನಗಳಲ್ಲಿ ಹೆಚ್ಚು ಕೆಂಪು ಮಾಂಸ ತಿನ್ನುವವರಲ್ಲಿ ಧೂಮಪಾನ, ಬೊಜ್ಜು ಜಾಸ್ತಿ. ಗಣಿತದಿಂದ ಸರಿದೂಗಿಸಿದರೂ ಅದರ ನೆರಳು ಉಳಿಯುತ್ತದೆ. ಮಾಂಸ ಬಿಟ್ಟವರು ಬದಲಿಗೆ ತಿಂದದ್ದು ಹುರುಳಿಕಾಳೋ ಮೈದಾ ಪರೋಟವೋ ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಚೀಟಿ ಎತ್ತಿ ಸಾವಿರಾರು ಜನರನ್ನು ಎರಡು ಗುಂಪು ಮಾಡಿ 20 ವರ್ಷ ಪಥ್ಯದಲ್ಲಿಡುವುದು ಆಗದ ಕೆಲಸ. ಕೆಲವು ವಾರಗಳ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಏರಿಳಿತ ಕಂಡೀತು, ಕ್ಯಾನ್ಸರ್ ಕಾಣದು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಬೇಕನ್, ಸಾಸೇಜ್‌ನಂಥ ಸಂಸ್ಕರಿಸಿದ (ಉಪ್ಪು, ಹೊಗೆ, ರಾಸಾಯನಿಕ ಹಾಕಿ ಕೆಡದಂತೆ ಮಾಡಿದ) ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕೆಂಪು ಮಾಂಸವನ್ನು ಕೇವಲ ‘ಬಹುಶಃ’ ಎಂದೂ ವರ್ಗೀಕರಿಸಿತು. ಈ ವರ್ಗ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. 2019ರಲ್ಲಿ ಇನ್ನೊಂದು ತಜ್ಞರ ತಂಡ ಇಂಥವೇ ಅಧ್ಯಯನಗಳನ್ನು ಔಷಧ ಪ್ರಯೋಗಗಳಿಗೆ ಹಿಡಿಯುವ ಕಟ್ಟುನಿಟ್ಟಿನ ಒರೆಗೆ ಹಚ್ಚಿ, ಪುರಾವೆ ದುರ್ಬಲ, ಈಗ ತಿನ್ನುತ್ತಿರುವಷ್ಟೇ ತಿನ್ನಬಹುದು ಎಂದಿತು. ಹಾರ್ವರ್ಡ್‌ನ ವಿಜ್ಞಾನಿಗಳು ಅದನ್ನು ಬಲವಾಗಿ ವಿರೋಧಿಸಿದರು. ನಮ್ಮ ಮಟ್ಟಿಗೆ ಸಂಸ್ಕರಿಸಿದ ಮಾಂಸದ ಎಚ್ಚರಿಕೆ ಗಟ್ಟಿಯಾದದ್ದು. ಮಟನ್ ಸಾರಿಗೆ ಅದನ್ನು ಹಾಗೇ ಅಂಟಿಸುವುದು ತಪ್ಪು.

ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚು ಎಂಬ ಅಂಕಿಯನ್ನೇ ನೋಡಿ. ಪಾಶ್ಚಾತ್ಯ ದೇಶಗಳಲ್ಲಿ ಜೀವಮಾನದಲ್ಲಿ ನೂರು ಜನರಲ್ಲಿ ಸುಮಾರು ಐವರಿಗೆ ಬರುವ ರೋಗ ಸುಮಾರು ಆರು ಜನಕ್ಕೆ ಬಂದೀತು ಎಂದಷ್ಟೇ ಅದರ ಅರ್ಥ. ಇಂಥ ಸುದ್ದಿ ಅಚ್ಚಾಗುವಾಗ ಯಾವ ಮಾಂಸ, ಎಷ್ಟು ಗ್ರಾಂ, ಹೇಗೆ ಅಳೆದರು, ನೂರರಲ್ಲಿ ಎಷ್ಟು ಜನ ಎಂಬ ನಾಲ್ಕು ವಿವರಗಳನ್ನು ದಯವಿಟ್ಟು ಶೀರ್ಷಿಕೆಯ ಕೆಳಗೇ ಕೊಡಿ.

– ಆಹಾರ ಸಮೀಕ್ಷೆಯಲ್ಲಿ ತೊಡಗಿರುವ ಓದುಗರು, ಮಂಡ್ಯ