ಟ್ಯಾಕ್ಸಿ ಮುಟ್ಟಿದ್ದು ನಾನೇ ಮಗಾ

ಪುಟ್ಟಿ,

ಫೋನಲ್ಲಿ ಹೇಳಿದ್ರೆ ನೀನು ಅರ್ಧದಲ್ಲೇ ಕಟ್ ಮಾಡ್ತೀಯ ಅಂತ ಗೊತ್ತುಂಟು, ವಾಟ್ಸಾಪಲ್ಲಿ ಹಾಕಿದ್ರೆ ಮೊದಲು ಫೋಟೋ ಕಳಿಸಿ ಅಂತೀಯ, ಹಾಗಾಗಿ ಉದ್ದಕ್ಕೆ ಬರೀತಾ ಇದ್ದೇನೆ, ಪೂರ್ತಿ ಓದು, ಆಮೇಲೆ ಬೈ. ನೀನು ಪುಣೆಗೆ ಹೋಗುವಾಗ ಕಪಾಟಿನ ಮೇಲೆ ಶೂ ಬಾಕ್ಸಲ್ಲಿ ಇಟ್ಟು, ಮುಚ್ಚಳದ ಮೇಲೆ ಮಾರ್ಕರಲ್ಲಿ "ಪಪ್ಪಾ ಮುಟ್ಟಬೇಡಿ" ಅಂತ ಬರೆದು ಹೋಗಿದ್ದಿಯಲ್ಲ, ನೀನು ಮಾಡಿದ ಅಜ್ಜನ ಟ್ಯಾಕ್ಸಿಯ ಪುಟ್ಟ ಮಾಡೆಲ್. ಅದನ್ನ ಮುಟ್ಟಿದೆ. ಬರೇ ಮುಟ್ಟಿದ್ದಲ್ಲ, ಸ್ಪ್ರೇ ಹೊಡೆದೆ. ಅದೂ ಜುಲೈ ತಿಂಗಳಲ್ಲಿ, ಡೊಂಬಿವಲಿಯ ಬಾಲ್ಕನಿಯಲ್ಲಿ ನಿಂತ್ಕೊಂಡು.

ಎಂತ ಆಗಿದೆ ಅಂತ ನಿನಗೆ ಇಷ್ಟರಲ್ಲೇ ಗೊತ್ತಾಗಿರ್ತದೆ.

ಬಾನೆಟ್ ಪೂರ್ತಿ, ಬಲಗಡೆ ಎರಡೂ ಬಾಗಿಲು, ಡಿಕ್ಕಿಯ ಅರ್ಧ, ಎಲ್ಲಾ ಕಡೆ ವಿಭೂತಿ ಮೆತ್ತಿದ ಹಾಗೆ ಬಿಳಿ. ಹೊಡೆದಾಗ ಚಂದ ಇತ್ತು ಮಾರಾಯ್ತಿ, ಒಂದೆರಡು ನಿಮಿಷ, ಆಮೇಲೆ ನಾನು ನೋಡ್ತಾ ಇದ್ದ ಹಾಗೇ ಅಡಿಯಿಂದ ಮಂಜು ಎದ್ದ ಹಾಗೆ ಎದ್ದು ಬಂತು. ಲ್ಯಾಕರ್ ಪೇಂಟನ್ನ ತೆಳು ಮಾಡುವ ಥಿನ್ನರ್ ಬೇಗ ಬೇಗ ಆರ್ತದೆ, ಆರುವಾಗ ಮೇಲ್ಮೈಯನ್ನ ತಣ್ಣಗೆ ಮಾಡ್ತದೆ, ಮಳೆಗಾಲದ ಗಾಳಿಯಲ್ಲಿದ್ದ ನೀರಿನ ಪಸೆ ಎಲ್ಲಾ ಬಂದು ಅಲ್ಲಿ ಕೂತು ಪೇಂಟಿನ ಒಳಗೇ ಸಿಕ್ಕಿಬೀಳ್ತದೆ, ಬ್ಲಶಿಂಗ್ ಅಂತಾರೆ ಅಂತ ನನಗೆ ಹೇಳಿಕೊಟ್ಟವಳೇ ನೀನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏರ್‌ಬ್ರಶ್, ಆ ಸಣ್ಣ ಸ್ಪ್ರೇ ಪೆನ್ನು, ಬಟ್ಟೆ ಸುತ್ತಿ ಒಳಗಿಡ್ತಿದ್ದಿ. ಹೇಳಿದ್ದು ನೆನಪಿತ್ತು. ಆ ದಿನ ಬೆಳಿಗ್ಗೆ ಒಂದು ಗಂಟೆ ಬಿಸಿಲು ಬಿತ್ತು ನೋಡು, ಅದನ್ನ ನಂಬಿದೆ.

ಯಾಕೆ ಮುಟ್ಟಿದ್ದು ಅಂತ ಹೇಳ್ತೇನೆ. ನೀನು ಹೊಡೆದ ಕಪ್ಪು ನನಗೆ ಮೊದಲಿಂದಲೂ ಸರಿ ಕಾಣ್ಲಿಲ್ಲ.

28 ವರ್ಷ ಆಫ್‌ಸೆಟ್ ಪ್ರೆಸ್ಸಲ್ಲಿ ಇಂಕ್ ನೋಡಿದವ ನಾನು, ಕಪ್ಪು ಅಂದ್ರೆ ಒಂದೇ ಬಣ್ಣ ಅಂತ ನನಗೆ ಯಾರೂ ಹೇಳ್ಲಿಕ್ಕೆ ಬರಬೇಡಿ. ಬರೇ ಕಪ್ಪು ಇಂಕ್ ಹಾಕಿ ದೊಡ್ಡ ಜಾಗ ತುಂಬಿಸಿದ್ರೆ ಪೇಪರ್ ಮೇಲೆ ಅದು ಹಳೇ ಸ್ಲೇಟಿನ ಹಾಗೆ ಕಾಣ್ತದೆ, ಅಡಿಯಲ್ಲಿ ಚೂರು ನೀಲಿ, ಅಂದ್ರೆ ಸಯಾನ್, ಕೊಟ್ರೆ ಮಾತ್ರ ಅದು ಕಪ್ಪು. ನಿನ್ನ ಮಾಡೆಲ್ಲಿನಲ್ಲಿ ಉಲ್ಟಾ ಸಮಸ್ಯೆ. ಡಬ್ಬಿಯಿಂದ ನೇರ ತೆಗೆದ ಹೊಳೆಯುವ ಕಪ್ಪು ಅಷ್ಟು ಚಿಕ್ಕ ಗಾಡಿ ಮೇಲೆ ವಿಪರೀತ ಕಪ್ಪಾಗ್ತದೆ, ಪಿಯಾನೋ ಹಾಗೆ. ನಿಜವಾದ ಗಾಡಿಯನ್ನ ನಾವು ದೂರದಿಂದ ನೋಡೂದು, ನಡುವೆ ಗಾಳಿ ಧೂಳು ಎಲ್ಲಾ ಇರ್ತದೆ, ಅದಕ್ಕೇ ಮಾಡೆಲ್ ಮಾಡುವವರು ಕಪ್ಪಿಗೆ ಚೂರು ಬೂದು ಸೇರಿಸ್ತಾರೆ, ಸ್ಕೇಲ್ ಎಫೆಕ್ಟ್ ಅಂತ ನೀನೇ ಒಂದು ದಿನ ಊಟಕ್ಕೆ ಕೂತಾಗ ಹೇಳಿದ್ದಿ. ಹೇಳಿದವಳು ನೀನು, ಮಾಡದವಳೂ ನೀನು. ಅದರ ಮೇಲೆ ಬಣ್ಣ ಇಲ್ಲದ ಕ್ಲಿಯರ್ ಕೋಟ್ ಬೇರೆ, 2000 ನಂಬರ್ ಉಪ್ಪು ಕಾಗದದಲ್ಲಿ ನೀರು ಹಾಕಿ ತಿಕ್ಕಿ ಪಾಲಿಶ್ ಬೇರೆ. ಅದು ಮುಂಬೈ ಟ್ಯಾಕ್ಸಿಯಾ ಮದುಮಗನ ಗಾಡಿಯಾ ಅಂತ ನನಗೆ ಒಳಗೊಳಗೇ ಆಗ್ತಿತ್ತು, ನಿನ್ನ ಮುಂದೆ ಹೇಳ್ಲಿಕ್ಕೆ ಧೈರ್ಯ ಸಾಲ್ಲಿಲ್ಲ ಅಷ್ಟೇ.

ಹಾಗಂತ ನೀನು ಆ ಗಾಡಿಗೆ ಪಟ್ಟ ಕಷ್ಟ ನಾನು ಮರೆತಿಲ್ಲ. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ, ಅಜ್ಜನದ್ದೂ ಅದೇ ಕಾರಲ್ವಾ, ರೋಡಿಂದ ಇಳೀತು ಅಂತ ಪೇಪರಲ್ಲಿ ಬಂತಲ್ಲ, ಅದು ತಾರದೇವ್ ಆರ್‌ಟಿಓದಲ್ಲಿ 2003ರ ಅಕ್ಟೋಬರ್ 29ಕ್ಕೆ ರಿಜಿಸ್ಟರ್ ಆದದ್ದು, ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗೀತು ಅಂತ, ಆ ಭಾನುವಾರವೇ ನೀನು ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗುವ ಅಂತ ಹಠ ಹಿಡಿದಿ. ಅಲ್ಲಿ ಪ್ಲಾಸ್ಟಿಕ್ಕಿನ ಪುಲ್‌ಬ್ಯಾಕ್ ಟ್ಯಾಕ್ಸಿ ತಗೊಂಡು, ನಾಗದೇವಿ ಸ್ಟ್ರೀಟಲ್ಲಿ ಸಣ್ಣ ಗರಗಸ ತಗೊಂಡು ಮನೆಗೆ ಬಂದು ಮೊದಲು ಮಾಡಿದ ಕೆಲಸ ವರ್ನಿಯರ್ ಹಿಡಿದು ಅಳೆದದ್ದು. ಪದ್ಮಿನಿಯ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ, 2340 ಮಿಲಿಮೀಟರ್, ನಿನ್ನ ಮಾಡೆಲ್ ಅದರ 24ರಲ್ಲಿ ಒಂದು ಪಾಲು, 24ರಿಂದ ಭಾಗಿಸಿದ್ರೆ 97.5 ಬರಬೇಕು, ಆಟಿಕೆದ್ದು 94 ಬಂತು. ಮೂರೂವರೆ ಮಿಲಿಮೀಟರ್ ಯಾರು ನೋಡ್ತಾರೆ ಅಂತ ನಾನು ಅಂದದ್ದಕ್ಕೆ ನೀನು ನನ್ನನ್ನ ನೋಡಿದ ರೀತಿ! ಕಡೆಗೆ ಎರಡು ಬಾಗಿಲ ನಡುವಿನ ಕಂಬದ ಹಿಂದೆ ಬಾಡಿಯನ್ನ ಅಡ್ಡಕ್ಕೆ ಕೊಯ್ದು ಎರಡು ತುಂಡು ಮಾಡಿ, ಪ್ಲಾಸ್ಟಿಕ್ ಶೀಟಿನ ಪಟ್ಟಿ ನಡುವೆ ಕೂರಿಸಿ, ಸಂದಿಗೆ ಫೆವಿಕ್ವಿಕ್ ಬಿಟ್ಟು ಅಮ್ಮನ ಡಬ್ಬಿಯಿಂದ ಅಡಿಗೆ ಸೋಡಾ ಉದುರಿಸಿದಿ, ಚುಂಯ್ ಅಂತ ಬಿಸಿಯಾಗಿ ಅಲ್ಲೇ ಕಲ್ಲಾಯ್ತು. ಕೂಡ್ಲೇ ಉಜ್ಜಬೇಕು ಪಪ್ಪಾ, ನಾಳೆ ಅಂದ್ರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ ಸುತ್ತ ಇರೂದೇ ಸವೀತದೆ ಅಂತ ರಾತ್ರಿ ಒಂದು ಗಂಟೆವರೆಗೆ ಉಜ್ಜಿದಿ. ಆಮೇಲೆ ಎರಡು ದಿನ ಇಡ್ಲಿಗೆ ಸೋಡಾ ಇಲ್ಲ ಅಂತ ಅಮ್ಮ ಬೈದದ್ದು ನನಗೆ.

ಅಮ್ಮನ ಬಿಂದಿ ಪ್ಯಾಕೆಟ್ಟಿಂದ ಕೆಂಪು ಹರಳು ಕಿತ್ತು ಹಿಂದಿನ ಲೈಟ್ ಮಾಡಿದ್ದು, ಚಾಕ್ಲೇಟಿನ ಬೆಳ್ಳಿ ಕಾಗದದಿಂದ ಬಂಪರಿನ ಹೊಳಪು, ಅದೆಲ್ಲಾ ಸರಿ, ಆದ್ರೆ ನನಗೆ ಭಾರೀ ಖುಷಿ ಆದದ್ದು ಮೇಲಿನ ಕ್ಯಾರಿಯರ್. ನಿಜದ ಕ್ಯಾರಿಯರ್ ಸರಳು ಒಂದೂವರೆ ಸೆಂಟಿಮೀಟರ್ ಅಂತ ಹಿಡಿದ್ರೂ ಇಲ್ಲಿ 0.6 ಮಿಲಿಮೀಟರ್ ಬರಬೇಕು, ತಂತಿ ನೇರ ನಿಲ್ಲೂದಿಲ್ಲ ಅಂತ ಮೂರು ದಿನ ಒದ್ದಾಡಿ ಕಡೆಗೆ ನೀನು ಹಿಡಿಸೂಡಿಯ ಕಡ್ಡಿ ತುದಿ ತಗೊಂಡಿ. ಊರಿಂದ ದೊಡ್ಡಮ್ಮ ಕಳಿಸಿದ ಹಿಡಿಸೂಡಿ. ಉಡುಪಿ ಕಡೆಯ ತೆಂಗಿನ ಗರಿ ಮುಂಬೈ ಟ್ಯಾಕ್ಸಿಯ ತಲೆ ಮೇಲೆ ಕೂತಿತು, ಅಜ್ಜನೂ ಹಾಗೆಯೇ ಅಲ್ವಾ ಬಂದದ್ದು, ಬಿಡು.

ಹನ್ನೆರಡನೇ ವರ್ಷದಲ್ಲಿ ಹಾಟ್ ವೀಲ್ಸ್ ಆಟಿಕೆ ಗಾಡಿಯ ಅಡಿಯ ರಿವೆಟ್ ನನ್ನ ಹತ್ರ ಡ್ರಿಲ್ ಮಾಡಿಸಿ, ಬಾಡಿಯನ್ನ ಪೇಂಟ್ ರಿಮೂವರಿಗೆ ಹಾಕಿ, ಪೇಂಟ್ ಹಪ್ಪಳದ ಹಾಗೆ ಉಬ್ಬಿ ಎದ್ದದ್ದು ನೋಡಿ ಕಿರುಚಿದ ಹುಡುಗಿ ನೀನು. ಆಗ 1:64 ಅಂದ್ರೆ ಎಂತದು ಅಂತ ನನಗೆ ಗೊತ್ತಿರ್ಲಿಲ್ಲ. ಈಗ 1:24 ಅಂದ್ರೆ ಒಂದು ಅಡಿಗೆ ಅರ್ಧ ಇಂಚು, 1:43 ಬಂದದ್ದು ಅಡಿಗೆ 7 ಮಿಲಿಮೀಟರಿನ ಆಟಿಕೆ ರೈಲಿನ ಲೆಕ್ಕದಿಂದ ಅಂತ ನಾನು ಲೋಕಲಲ್ಲಿ ಪಕ್ಕದವರಿಗೆ ಪಾಠ ಮಾಡ್ತೇನೆ, ಅವರು ಮೊಬೈಲ್ ತೆಗೀತಾರೆ.

ಸರಿ, ತಪ್ಪಿನ ವಿಷಯಕ್ಕೆ ಬರ್ತೇನೆ. ಹೊಳಪು ಕಮ್ಮಿ ಮಾಡುವ ಅಂತ ಹೊಳಪಿಲ್ಲದ ಫ್ಲ್ಯಾಟ್ ಕ್ಲಿಯರ್ ಸ್ಪ್ರೇ ಡಬ್ಬಿ ತಂದೆ, ಕೈಯಲ್ಲಿ ಅಜ್ಜನ ಫೋಟೋ ಹಿಡ್ಕೊಂಡೆ, ಆ ಒಂದೇ ಫೋಟೋ ಉಂಟಲ್ಲ 1994ರದ್ದು, ದಾದರ್ ಚೌಪಾಟಿ ಹತ್ರ ಅಜ್ಜ ಬಾನೆಟ್ಟಿಗೆ ಒರಗಿ ನಿಂತದ್ದು. ಅದರಲ್ಲಿ ಗಾಡಿ ಕಾಫಿ ಹುಡಿ ಬಣ್ಣಕ್ಕೆ ತಿರುಗಿದ ಮಾಸಲು ಕಪ್ಪು. ಇದೇ ನೋಡು ನಿಜವಾದ ಟ್ಯಾಕ್ಸಿ ಕಪ್ಪು ಅಂತ ಹೊಡೆದೆ. ಒಂದು ಕೋಟ್ ಸಾಲದು ಅಂತ ಇನ್ನೊಂದು. ಪೇಂಟ್ 0.1 ಮಿಲಿಮೀಟರ್ ದಪ್ಪ ಆದ್ರೂ 24ರಿಂದ ಗುಣಿಸಿದ್ರೆ ನಿಜವಾದ ಗಾಡಿ ಮೇಲೆ 2.4 ಮಿಲಿಮೀಟರ್ ಪೇಂಟ್ ಬಳಿದ ಹಾಗೆ ಅಂತ ಆಮೇಲೆ ಲೆಕ್ಕ ಹಾಕಿದೆ, ಅಷ್ಟೊತ್ತಿಗೆ ನೀನು ಸೂಜಿಯಲ್ಲಿ ಕೆತ್ತಿದ ಬಾನೆಟ್ ಗೆರೆ ಎಡಗಡೆ ಅರ್ಧ ಮುಚ್ಚಿ ಹೋಗಿತ್ತು. ಆಮೇಲೆ ಬಿಳಿ ಬಂತು.

ಎರಡು ರಾತ್ರಿ ನಿದ್ದೆ ಇಲ್ಲ. ಮೂರನೇ ದಿನ ಠಾಕುರ್ಲಿ ಕಡೆ ಇರುವ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿಗೆ ಹೋದೆ, ಚೀಲದಲ್ಲಿ ಶೂ ಬಾಕ್ಸ್. ಪೇಂಟರ್ ಹುಡುಗ ಮೊದಲು ನಕ್ಕ, ಆಮೇಲೆ ಕೈ ಒರೆಸಿ ಗಾಡಿಯನ್ನ ಲೈಟಿಗೆ ಹಿಡಿದು ಕ್ಯಾರಿಯರ್ ನೋಡಿ ಐದು ನಿಮಿಷ ಮಾತಾಡ್ಲಿಲ್ಲ. ಮಳೆಗಾಲದಲ್ಲಿ ನಿಧಾನ ಆರುವ ಥಿನ್ನರ್, ರಿಟಾರ್ಡರ್, ಅದು ಸೇರಿಸದೆ ನಾವು ಗನ್ನೇ ಹಿಡಿಯೂದಿಲ್ಲ ಅಂಕಲ್ ಅಂದ. ಸಣ್ಣ ಬಾಟ್ಲಿಯಲ್ಲಿ ಕೊಟ್ಟ, ದುಡ್ಡು ತಗೊಳ್ಳಿಲ್ಲ. ಪ್ಲಾಸ್ಟಿಕ್ಕಿಗೆ ಇದು ಕಾಟ ಕೊಡ್ತದೆ, ಮೊದಲು ಬೇರೆ ಎಂತದ್ದಕ್ಕಾದ್ರೂ ಹೊಡೆದು ನೋಡಿ ಅಂತ ಹೇಳಿದ್ದು ಮಾತ್ರ ಎರಡೆರಡು ಸಲ.

ನಿನ್ನ ಹಾಗೇ ಪ್ಲಾಸ್ಟಿಕ್ ಚಮಚ ಆರು ತಗೊಂಡು ಕಪ್ಪು ಹೊಡೆದು ಒಣಗಿಸಿ, ಮೇಲೆ ರಿಟಾರ್ಡರ್ ಹೊಡೆದು ಟ್ರಯಲ್ ಮಾಡಿದೆ. ಮೊದಲಿನ ಎರಡು ಚಮಚ ಆನೆ ಚರ್ಮದ ಹಾಗೆ ಸುಕ್ಕಾದ್ವು, ಒದ್ದೆ ಜಾಸ್ತಿ ಆಯ್ತು. ಐದನೇದರಲ್ಲಿ ಹದ ಸಿಕ್ತು, ಏರ್‌ಬ್ರಶ್ ದೂರ ಹಿಡಿದು ಬರೇ ಮಂಜು ಹಾಯಿಸಿದ ಹಾಗೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಮತ್ತೆ ಇನ್ನೊಮ್ಮೆ. ಮೇಲಿನ ಪೇಂಟ್ ಸ್ವಲ್ಪ ಕರಗಿ ಸಿಕ್ಕಿಬಿದ್ದ ಪಸೆ ಹೊರಗೆ ಹೋಗ್ತದೆ. ಹೌದು, ನಿನ್ನ ಏರ್‌ಬ್ರಶ್ಶೂ ಮುಟ್ಟಿದೆ. ತೊಳೆದಿಟ್ಟಿದ್ದೇನೆ, ಮಾಸ್ಕ್ ಹಾಕಿದ್ದೆ. ಬಾಗಿಲು ಎರಡೂ ಸರಿ ಬಂತು, ಬಾನೆಟ್ ಮುಕ್ಕಾಲು ಬಂತು, ಬಲಗಡೆ ಹಿಂದಿನ ಕಂಬದ ಬುಡದಲ್ಲಿ ಉಗುರಿನಷ್ಟು ಬಿಳಿ ಹಾಗೇ ಉಂಟು.

ಇಷ್ಟೆಲ್ಲಾ ಆಗಿ ಗಾಡಿ ಮೇಜಿನ ಮೇಲಿಟ್ಟು, ಬಿಳಿ ಆದ್ರೂ ಮಾಸಲು ಬಣ್ಣ ಮಾತ್ರ ಸರಿ ಬಂತು ನೋಡು ಅಂತ ಅಮ್ಮನಿಗೆ ತೋರಿಸಿದೆ. ಅಮ್ಮ ಬೀನ್ಸ್ ಮುರೀತಾ ಇದ್ದವಳು ಕನ್ನಡಕ ಏರಿಸಿ ನೋಡಿ, "ಇದು ಯಾರ ಟ್ಯಾಕ್ಸಿ?" ಅಂದ್ಲು. ಮಾವ ಇದನ್ನ ನೋಡಿದ್ರೆ ನಿಮಗೆ ಎರಡು ಬಿಡ್ತಿದ್ರು ಅಂದ್ಲು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸೀಮೆಎಣ್ಣೆ ಬಟ್ಟೆಯಲ್ಲಿ ಗಾಡಿ ಉಜ್ಜಿ ಅದರಲ್ಲಿ ಮುಖ ಕಂಡ ಮೇಲೆ ಚಾ ಕುಡೀತಿದ್ದ ಮನುಷ್ಯ, ಗಾಡಿ ತಪಾಸಣೆಯ ಪಾಸಿಂಗ್ ಇದ್ದ ವಾರ ಗಾಡಿ ಹೊಸತಾಗಿ ಪೇಂಟ್ ಆಗದೆ ಆರ್‌ಟಿಓ ಗೇಟ್ ದಾಟ್ತಿರ್ಲಿಲ್ಲ, ನಾನು ಮದುವೆಯಾಗಿ ಬಂದ ವರ್ಷ ಆ ಬಾನೆಟ್ಟಲ್ಲಿ ನೋಡಿ ಹೂ ಸರಿ ಮಾಡ್ಕೊಂಡದ್ದು ನೆನಪುಂಟು ಅಂದ್ಲು.

ಫೋಟೋ ತೋರಿಸಿದೆ. ಅಮ್ಮ ಅಂದ್ಲು, ಇದರಲ್ಲಿ ಮಾವನ ಬಿಳಿ ಅಂಗಿಯೂ ಹಳದಿ ಉಂಟಲ್ಲ.

ನನ್ನ ಬಾಯಿ ಕಟ್ಟಿತು ಪುಟ್ಟಿ. ಮೂವತ್ತು ವರ್ಷದ ಕಲರ್ ಪ್ರಿಂಟ್, ಬಣ್ಣ ಇಳಿದು ಎಲ್ಲಾ ಕೆಂಪು ಕಂದಿಗೆ ತಿರುಗಿದೆ, ಇದನ್ನ ನೋಡಿ ಹೇಳ್ಲಿಕ್ಕೆ 28 ವರ್ಷದ ಅನುಭವ ಬೇಕಾ, ಆಕಾಶ ನೋಡಿದ್ರೇ ಗೊತ್ತಾಗ್ತಿತ್ತು. ನಾನು ಮ್ಯಾಚ್ ಮಾಡಿದ್ದು ಅಜ್ಜನ ಗಾಡಿಗಲ್ಲ, ಮಾಸಿದ ಫೋಟೋಕ್ಕೆ. ಅಜ್ಜ 2011ರಲ್ಲಿ ಗಾಡಿ ಗುಜರಿಗೆ ಕೊಟ್ರು, ಅಷ್ಟು ವರ್ಷ ಆ ಫೋಟೋ ನೋಡಿ ನೋಡಿ ನನ್ನ ತಲೆಯೊಳಗಿನ ಗಾಡಿಯೂ ಅದೇ ಬಣ್ಣ ಆಗಿ ಹೋಗಿತ್ತು. ನೀನು ಆರು ವರ್ಷದವಳು ಅವರ ತೊಡೆ ಮೇಲೆ ಕೂತು ಸ್ಟೇರಿಂಗ್ ಪಕ್ಕದ ಗೇರ್ ಎಳೀತಿದ್ದಿ, ನಿನಗೆ ನೆನಪಿತ್ತೋ ಸುಮ್ನೆ ಹೊಳಪು ಚಂದ ಅಂತ ಮಾಡಿದ್ದೋ ಗೊತ್ತಿಲ್ಲ, ಹೊಡೆದದ್ದು ಮಾತ್ರ ನೀನು ಸರಿ. ಬೂದು ಸೇರಿಸ್ಬೇಕಿತ್ತು ಅನ್ನೂದನ್ನ ನಾನು ಈಗಲೂ ಬಿಡೂದಿಲ್ಲ, ಚೂರು.

ಇನ್ನು ಏನು ಬಾಕಿ ಅಂದ್ರೆ, ಅಕ್ಟೋಬರ್ ಬಿಸಿಲು ಬರುವವರೆಗೆ ನಾನು ಸ್ಪ್ರೇ ಡಬ್ಬಿ ಮುಟ್ಟೂದಿಲ್ಲ, ಆಣೆ. ಬಾನೆಟ್ ಗೆರೆ ನೀನೇ ಕೆತ್ತು, ನನ್ನ ಕೈ ನಡುಗ್ತದೆ. ನಂಬರ್ ಪ್ಲೇಟ್ ಹಳದಿ ಮೇಲೆ ಕಪ್ಪು ಅಕ್ಷರ, ಅದನ್ನ ಅಂಟಿಸುವ ಬಿಳಿ ಡೆಕಾಲ್ ಪೇಪರಲ್ಲಿ ನಾನು ಪ್ರಿಂಟ್ ಮಾಡಿಸಿಟ್ಟಿದ್ದೇನೆ, ಅಕ್ಷರದ ದಪ್ಪ ಮೂರು ನಮೂನೆ ಮಾಡಿಸಿದೆ, ಪೇಂಟರ್ ಕೈಯಲ್ಲಿ ಬರೆದ ಹಾಗೆ ಕಾಣುವುದನ್ನ ಆರಿಸು. ನಿನಗೆ ಗಣಪತಿಗೆ ರಜೆ ಸಿಕ್ಕಿದ್ರೆ ಪುಣೆ ಟ್ರೇನಲ್ಲಿ ಬಂದು ಕಲ್ಯಾಣದಲ್ಲಿ ಇಳಿ, ನಾನು ಬರ್ತೇನೆ, ಬಾಕ್ಸ್ ತರೂದಿಲ್ಲ, ಮನೆಯಲ್ಲೇ ನೋಡು.

ಮೀಟರ್ ಮುಟ್ಟಿಲ್ಲ. ಹಳೇ ಟ್ಯಾಕ್ಸಿಯ ಹಾಗೆ ಎಡಗಡೆ ಹೊರಗೆ ನಿಲ್ಲಿಸ್ಲಿಕ್ಕೆ ಅಂತ ನೀನು ಆರು ಮಿಲಿಮೀಟರಲ್ಲಿ ಮಾಡಿದ ಆ ಮೀಟರ್, ಅಜ್ಜ ಒಳಗಿಂದ ಕೈ ಚಾಚಿ ಟಣ್ ಅಂತ ಡೌನ್ ಮಾಡ್ತಿದ್ರಲ್ಲ ಅದು, ನಿನ್ನ ಮಾತ್ರೆ ಡಬ್ಬಿಯಲ್ಲಿ ಹತ್ತಿಯೊಳಗೇ ಉಂಟು. ಅದರ ಕಾಲು ಕೂರಿಸ್ಲಿಕ್ಕೆ ತೂತು ಮಾತ್ರ ಹೊಡೆದಿಡುವ, ನಿನಗೆ ಒಂದು ಕೆಲಸ ಕಮ್ಮಿ ಆಗ್ತದೆ ಅಂತ ನಿನ್ನೆ ಕೂತೆ. ನಿನ್ನ 0.5 ಡ್ರಿಲ್ ಬಿಟ್ ಮುರೀತು. ಅರ್ಧ ಬಾಡಿಯೊಳಗೇ ಉಂಟು. ಬರುವಾಗ ಹೊಸತು ಎರಡು ತಗೊಂಡು ಬಾ, ದುಡ್ಡು ನಾನು ಕೊಡ್ತೇನೆ.

ಪಪ್ಪ