ಲಿಕ್ವಿಡ್ ಕೂಲಿಂಗ್‌ನಲ್ಲಿ ಫ್ಯಾನ್‌ಗೆ ಸಿಗಬೇಕಾದ ಗಮನ

ಮಾನ್ಯ ಸಂಪಾದಕರೇ,

ಕಂಪ್ಯೂಟರಿನ ಲಿಕ್ವಿಡ್ ಕೂಲಿಂಗ್ (ನೀರು ಹರಿಸಿ ತಂಪು ಮಾಡುವ ವಿಧಾನ) ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಪಂಪ್, ರೇಡಿಯೇಟರಿನ ಉದ್ದ, ಬಣ್ಣದ ದೀಪ ಇಷ್ಟರಲ್ಲೇ ಮುಗಿದುಹೋಗುತ್ತವೆ. ಫ್ಯಾನಿಗೆ ಸಿಗುವುದು ಅರ್ಧ ಸಾಲು. ಆದರೆ ನೀರು ಮಾಡುವುದು ಸಾಗಾಟ ಮಾತ್ರ. ಪ್ರೊಸೆಸರಿನ ಶಾಖವನ್ನು ಅದು ರೇಡಿಯೇಟರಿನವರೆಗೆ ಒಯ್ಯುತ್ತದೆ. ಅಲ್ಲಿಂದ ಆ ಶಾಖ ಹೊರಗೆ ಹೋಗಬೇಕಾದರೆ ಗಾಳಿಯೇ ಬೇಕು. ದುಬಾರಿ ಕೂಲರ್ ಹಾಕಿಸಿಕೊಂಡೂ ‘ಸದ್ದು ಜಾಸ್ತಿ, ತಂಪು ಕಡಿಮೆ’ ಎಂದು ಬೇಸರಪಡುವವರಲ್ಲಿ ಹೆಚ್ಚಿನವರ ತೊಂದರೆ ಫ್ಯಾನಿನ ಆಯ್ಕೆ, ಜೋಡಣೆ ಅಥವಾ ಸೆಟ್ಟಿಂಗ್‌ನಲ್ಲಿರುತ್ತದೆ. ಆದ್ದರಿಂದ ಈ ಪತ್ರ.

ಮೊದಲು ಎಷ್ಟು ಗಾಳಿ ಬೇಕು ಎಂಬ ಲೆಕ್ಕ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಸೇರಿ 300 ವಾಟ್ ಶಾಖವನ್ನು ನೀರಿಗೆ ಬಿಡುತ್ತಿವೆ ಎಂದುಕೊಳ್ಳಿ. ರೇಡಿಯೇಟರಿನ ಮೂಲಕ ಹಾದುಹೋಗುವ ಗಾಳಿ 10 ಡಿಗ್ರಿಯಷ್ಟು ಬಿಸಿಯಾಗಿ ಹೊರಬಂದರೆ, ಆ ಶಾಖವನ್ನು ಹೊರಹಾಕಲು ಗಂಟೆಗೆ ಸುಮಾರು 90 ಘನ ಮೀಟರ್, ಅಂದರೆ 53 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಬೇಕು. ಒಂದೇ ಒಳ್ಳೆಯ ಫ್ಯಾನ್ ಸಾಕಲ್ಲವೇ ಎಂದು ಡಬ್ಬಿಯ ಮೇಲಿನ ಅಂಕಿ ನೋಡಿದವರಿಗೆ ಅನ್ನಿಸುತ್ತದೆ. ಎಡವುವುದು ಇಲ್ಲಿಯೇ. ಡಬ್ಬಿಯ ಮೇಲಿನ ಸಿಎಫ್‌ಎಂ ಎಂಬುದು ಫ್ಯಾನಿನ ಮುಂದೆ ಯಾವ ಅಡೆತಡೆಯೂ ಇಲ್ಲದಿದ್ದಾಗಿನ ಅಳತೆ. ಪಕ್ಕದಲ್ಲೇ ಅಚ್ಚಾಗಿರುವ ಸ್ಟ್ಯಾಟಿಕ್ ಪ್ರೆಶರ್ ಗಾಳಿ ಪೂರ್ತಿ ಕಟ್ಟಿಹೋದಾಗ ಸಿಗುವ ಒತ್ತಡ. ಕೆಲಸ ಮಾಡುವಾಗ ಫ್ಯಾನ್ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಹೀಗಾಗಿ ಎರಡೂ ಅಂಕಿಗಳು ಒಟ್ಟಿಗೆ ಎಂದೂ ಸಿಗುವುದಿಲ್ಲ. ರೇಡಿಯೇಟರ್, ದೂಳಿನ ಫಿಲ್ಟರ್, ಕ್ಯಾಬಿನೆಟ್ಟಿನ ತೂತಿನ ತಗಡು ಮೂರನ್ನೂ ದಾಟುವಷ್ಟರಲ್ಲಿ ಗಾಳಿ ಡಬ್ಬಿಯ ಮೇಲಿನ ಅಂಕಿಯ ಅರ್ಧಕ್ಕಿಂತ ಕೆಳಗಿಳಿಯುವುದೂ ಉಂಟು.

ಒಂದು ಉದಾಹರಣೆ. ನಾಕ್ಟುವಾ ಕಂಪನಿಯ ಎನ್‌ಎಫ್-ಎ12ಎಕ್ಸ್25 ಫ್ಯಾನಿಗೆ 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಗಂಟೆಗೆ 102.1 ಘನ ಮೀಟರ್ ಗಾಳಿ ಮತ್ತು 2.34 ಮಿ.ಮೀ. ನೀರಿನ ಒತ್ತಡ (ಅಷ್ಟು ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು) ಎಂದು ಕಂಪನಿ ಹೇಳುತ್ತದೆ. ಅದನ್ನು 1000 ಆರ್‌ಪಿಎಂಗೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ಮಾತ್ರ ಕಾಲುಭಾಗಕ್ಕೆ, ಸುಮಾರು 0.59 ಮಿ.ಮೀ.ಗೆ ಕುಸಿಯುತ್ತದೆ. ಗಾಳಿ ವೇಗದ ಲೆಕ್ಕದಲ್ಲಿ ಬದಲಾದರೆ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ, ಎಲ್ಲ ಫ್ಯಾನುಗಳೂ ಹೀಗೆಯೇ. ಸದ್ದಿಲ್ಲದೆ ನಿಧಾನವಾಗಿ ಓಡಿಸಬೇಕೆನ್ನುವವರು ರೇಡಿಯೇಟರಿನ ಫಿನ್‌ಗಳು, ಅಂದರೆ ತೆಳು ಲೋಹದ ಹಾಳೆಗಳು, ಎಷ್ಟು ಒತ್ತಾಗಿವೆ ಎಂದು ನೋಡಬೇಕಾಗಿರುವುದು ಇದಕ್ಕೇ. ಇಂಚಿಗೆ 10–12 ಫಿನ್ ಇರುವ ರೇಡಿಯೇಟರ್ ನಿಧಾನದ ಫ್ಯಾನಿಗೂ ಒಗ್ಗುತ್ತದೆ. 20 ದಾಟಿದರೆ ಒತ್ತಡ ಚೆನ್ನಾಗಿರುವ ಫ್ಯಾನನ್ನು ತುಸು ಜೋರಾಗಿ ತಿರುಗಿಸಲೇಬೇಕು. ಪಂಪ್, ಪೈಪ್, ರೇಡಿಯೇಟರ್ ಎಲ್ಲ ಜೋಡಿಸಿ ಸಿದ್ಧ ರೂಪದಲ್ಲಿ ಬರುವ ಎಐಓ (ಆಲ್-ಇನ್-ಒನ್) ಕೂಲರುಗಳ ರೇಡಿಯೇಟರ್ ಸಾಮಾನ್ಯವಾಗಿ 27 ಮಿ.ಮೀ. ದಪ್ಪದ್ದು, ಫಿನ್ ಒತ್ತಾಗಿರುವಂಥದ್ದು. ಅವಕ್ಕೆ ಕನಿಷ್ಠ 2 ಮಿ.ಮೀ. ಒತ್ತಡದ, 25 ಮಿ.ಮೀ. ದಪ್ಪದ ಫ್ಯಾನ್ ಒಳ್ಳೆಯದು. 15 ಮಿ.ಮೀ.ನ ತೆಳು ಫ್ಯಾನ್ ಬೇರೆ ಏನೂ ಹಿಡಿಸದ ಜಾಗಕ್ಕೆ ಮಾತ್ರ.

ಸದ್ದು ಕಡಿಮೆಯಾಗಬೇಕೆಂದರೆ ರೇಡಿಯೇಟರ್ ದೊಡ್ಡದಿರಲಿ, ಫ್ಯಾನ್ ನಿಧಾನವಾಗಿರಲಿ. ಒಂದೇ ಫ್ಯಾನಿನ ವೇಗ ಅರ್ಧವಾದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬಲ್ ಇಳಿಯುತ್ತದೆ. ಅದೇ ವೇಗದ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಎರಡು ಫ್ಯಾನನ್ನು 1800ರಲ್ಲಿ ಓಡಿಸುವುದಕ್ಕಿಂತ ಮೂರನ್ನು 1100ರಲ್ಲಿ ಓಡಿಸುವುದು ಕಿವಿಗೆ ಎಷ್ಟೋ ಹಿತ. 140 ಮಿ.ಮೀ. ಫ್ಯಾನಿನ ಚೌಕ 120ರದ್ದಕ್ಕಿಂತ ಶೇ 36ರಷ್ಟು ದೊಡ್ಡದು. 280 ಮಿ.ಮೀ. ರೇಡಿಯೇಟರ್ ಎರಡೇ ಫ್ಯಾನ್ ಇಟ್ಟುಕೊಂಡು 120ರ ಮೂರು ಫ್ಯಾನಿನ 360ರದ್ದರ ಶೇ 90ರಷ್ಟು ಹರವು ಕೊಡುತ್ತದೆ. ಕ್ಯಾಬಿನೆಟ್ಟಿನಲ್ಲಿ ಕೂರುವುದಾದರೆ 240ರ ಬದಲು 280 ಕೊಳ್ಳಿ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಜೋಡಣೆ. ಫ್ಯಾನಿನ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಇರುವ ಬದಿಯಿಂದ ಗಾಳಿ ಹೊರಬರುತ್ತದೆ, ರೆಕ್ಕೆಗಳು ತೆರೆದು ಕಾಣುವ ಬದಿಯಿಂದ ಒಳಹೋಗುತ್ತದೆ. ಅಂದಕ್ಕಾಗಿ ತಿರುಗುಮುರುಗು ರೆಕ್ಕೆಯ ಫ್ಯಾನುಗಳೂ ಈಗ ಬಂದಿವೆ, ಆದ್ದರಿಂದ ಚೌಕಟ್ಟಿನ ಮೇಲಿನ ಬಾಣದ ಗುರುತನ್ನು ನೋಡಿ, ಇಲ್ಲದಿದ್ದರೆ ಒಂದು ತುಂಡು ತೆಳುಕಾಗದ ಹಿಡಿದು ಖಚಿತಪಡಿಸಿಕೊಳ್ಳಿ. ಚೌಕಟ್ಟಿಗೂ ರೇಡಿಯೇಟರಿಗೂ ನಡುವೆ ಸಂದು ಉಳಿಯಬಾರದು. ಮೂಲೆಗಳು ಕತ್ತರಿಸಿದಂತಿರುವ ಅಥವಾ ದುಂಡಗಿನ ಚೌಕಟ್ಟಿನ ಫ್ಯಾನ್‌ಗಳಲ್ಲಿ ಗಾಳಿ ಫಿನ್‌ಗಳೊಳಗೆ ನುಗ್ಗುವ ಬದಲು ಪಕ್ಕಕ್ಕೆ ಸೋರಿಹೋಗುತ್ತದೆ. ಸುತ್ತಲೂ ತೆಳುವಾದ ಫೋಮ್ ಪಟ್ಟಿ ಅಂಟಿಸಿದರೆ ಆ ಸೋರಿಕೆ ನಿಲ್ಲುತ್ತದೆ. ಅಗ್ಗದ ಕೆಲಸ, ಆದರೆ ಬಹಳ ಮಂದಿ ಮಾಡುವುದಿಲ್ಲ.

ಸ್ಕ್ರೂ ವಿಷಯದಲ್ಲಿ ಬಹಳ ಎಚ್ಚರ ಬೇಕು. 25 ಮಿ.ಮೀ. ಫ್ಯಾನಿಗೆ 30 ಮಿ.ಮೀ. ಸ್ಕ್ರೂ, 30 ಮಿ.ಮೀ. ದಪ್ಪದ ಫ್ಯಾನಿಗೆ 35 ಎಂಬುದು ಸಾಮಾನ್ಯ ಅಳತೆ. ಉದ್ದ ಹೆಚ್ಚಾದರೆ ಸ್ಕ್ರೂವಿನ ತುದಿ ರೇಡಿಯೇಟರಿನ ನೀರಿನ ಕೊಳವೆಯನ್ನೇ ತೂತು ಮಾಡಬಲ್ಲದು. ಆಮೇಲೆ ಸೋರುವ ನೀರು ಹೋಗುವುದು ಮದರ್‌ಬೋರ್ಡಿನ ಮೇಲೆಯೇ. ಕೆಲವು ರೇಡಿಯೇಟರುಗಳಲ್ಲಿ ತೂತಿನ ಕೆಳಗೆ ರಕ್ಷಣೆಯ ತಗಡು ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಸ್ಕ್ರೂವಿನ ಸುರುಳಿ ಎಳೆಯಲ್ಲೂ ಎಂ3, 6-32 ಎಂಬ ಎರಡು ಬಗೆಗಳು ಚಾಲ್ತಿಯಲ್ಲಿವೆ. ರೇಡಿಯೇಟರಿನ ಜೊತೆಗೆ ಬಂದ ಸ್ಕ್ರೂಗಳನ್ನೇ ಬಳಸಿ; ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಬಲ ಹಾಕಬೇಡಿ.

ಫ್ಯಾನ್ ರೇಡಿಯೇಟರಿನೊಳಗೆ ಗಾಳಿ ತಳ್ಳಬೇಕೇ, ಆಚೆಯಿಂದ ಎಳೆಯಬೇಕೇ ಎಂಬ ವಾದ ಮುಗಿಯುವುದೇ ಇಲ್ಲ. ತೆಳು ರೇಡಿಯೇಟರಿನಲ್ಲಿ ವ್ಯತ್ಯಾಸ ಬಹಳ ಸಣ್ಣದು. ತಳ್ಳುವಂತೆ ಹಾಕಿದರೆ ದೂಳು ಫ್ಯಾನಿಗೂ ಫಿನ್‌ಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಬಿಚ್ಚದೆ ತೆಗೆಯಲಾಗದು. ಎಳೆಯುವಂತೆ ಹಾಕಿದರೆ ದೂಳು ಹೊರಮುಖದಲ್ಲೇ ಕೂರುವುದರಿಂದ ಬ್ರಷ್ ಆಡಿಸಿದರೆ ಸಾಕು. ಫ್ಯಾನಿನ ಒಳಹರಿವಿನ ಮುಖಕ್ಕೆ ತೂತಿನ ತಗಡು ತೀರಾ ಹತ್ತಿರವಿದ್ದರೆ ಗುಂಯ್ ಎನ್ನುವ ಒಂದೇ ಶ್ರುತಿಯ ಸದ್ದು ಏಳುತ್ತದೆ. ನಡುವೆ ಒಂದೆರಡು ಸೆಂಟಿಮೀಟರ್ ಅಂತರ ಕೊಟ್ಟರೆ ಅದು ತಗ್ಗುತ್ತದೆ. ಎರಡೂ ಬದಿ ಫ್ಯಾನ್ ಹಾಕುವುದರಿಂದ ಒತ್ತಡ ಇಮ್ಮಡಿಯಾದೀತು, ಗಾಳಿ ಇಮ್ಮಡಿಯಾಗುವುದಿಲ್ಲ. 45 ಅಥವಾ 60 ಮಿ.ಮೀ. ದಪ್ಪದ ರೇಡಿಯೇಟರಿಗೆ ಅದು ಸರಿ, 27ರದ್ದಕ್ಕೆ ದುಂದು.

ರೇಡಿಯೇಟರ್ ಮುಂದೆಯೋ ಮೇಲೆಯೋ? ಮುಂದಿಟ್ಟು ಹೊರಗಿನ ಗಾಳಿ ಒಳಗೆಳೆದರೆ ಪ್ರೊಸೆಸರಿಗೆ ತಣ್ಣನೆಯ ಗಾಳಿ ಸಿಗುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಬೆಚ್ಚನೆಯದು. ಮೇಲಿಟ್ಟು ಹೊರಹಾಕಿದರೆ ಇದು ತಿರುಗುಮುರುಗು. ಆಟ ಆಡುವ ಯಂತ್ರದಲ್ಲಿ ಹೆಚ್ಚು ಕಾಯುವುದು ಗ್ರಾಫಿಕ್ಸ್ ಕಾರ್ಡ್. ಅದು ಗಾಳಿಯಿಂದಲೇ ತಂಪಾಗುವಂಥದ್ದಾಗಿದ್ದರೆ ರೇಡಿಯೇಟರನ್ನು ಮೇಲಿಡುವುದೇ ಲೇಸು. ಎಐಓದಲ್ಲಿ ಇನ್ನೊಂದು ನಿಯಮವಿದೆ. ಒಳಗೆ ಉಳಿದ ಗಾಳಿಗುಳ್ಳೆ ಅತಿ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಆ ಜಾಗ ಪಂಪ್ ಆಗಬಾರದು. ರೇಡಿಯೇಟರನ್ನು ಮುಂದೆ ನಿಲ್ಲಿಸುವುದಾದರೆ ಪೈಪ್‌ಗಳು ಕೆಳಗಿರಲಿ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ತಳದಲ್ಲಿ ಹಾಕಲೇಬಾರದು. ಜೊತೆಗೆ, ಪ್ರೊಸೆಸರಿನ ಮೇಲಿದ್ದ ದೊಡ್ಡ ಫ್ಯಾನ್ ಹೋದ ಮೇಲೆ ಅದರ ಸುತ್ತಲಿನ ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ ಹೊಂದಿಸಿ ಕೊಡುವ ಭಾಗ) ಮತ್ತು ರ‍್ಯಾಮ್‌ಗೆ ಬೀಸುತ್ತಿದ್ದ ಗಾಳಿಯೂ ಹೋಗುತ್ತದೆ. ಆದ್ದರಿಂದ ಹಿಂಬದಿಯ ಫ್ಯಾನನ್ನು ತೆಗೆಯಬೇಡಿ. ಫಿಲ್ಟರ್ ಇರುವ ಕಡೆಯಿಂದ ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಂದುಗೊಂದುಗಳಿಂದ ದೂಳು ನುಗ್ಗುವುದಿಲ್ಲ.

ವೈರಿಂಗ್. ವೇಗದ ಸಂಕೇತಕ್ಕೆಂದೇ ಒಂದು ಪಿನ್ ಇರುವ, ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನೇ ಕೊಳ್ಳಿ. ಮೂರು ಪಿನ್ನಿನದನ್ನು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಡಿಸಿ ಮೋಡ್‌ಗೆ, ಅಂದರೆ ವೋಲ್ಟೇಜ್ ಇಳಿಸಿ ವೇಗ ಇಳಿಸುವ ಕ್ರಮಕ್ಕೆ, ಬದಲಿಸದೆ ಹಾಕಿದರೆ ಅದು ಸದಾ ಪೂರ್ಣ ವೇಗದಲ್ಲೇ ಕಿರುಚುತ್ತದೆ. ಮದರ್‌ಬೋರ್ಡಿನ ಸಾಮಾನ್ಯ ಹೆಡರ್ (ಫ್ಯಾನಿನ ವೈರ್ ಸಿಕ್ಕಿಸುವ ಜಾಗ) ತಾಳುವುದು 1 ಆಂಪಿಯರ್, ಅಂದರೆ 12 ವಾಟ್. ಫ್ಯಾನಿನ ಬೆನ್ನಿಗೆ 0.3 ಆಂಪಿಯರ್ ಎಂದಿದ್ದರೆ ಒಂದು ಹೆಡರಿಗೆ ಮೂರು ಎಂದರೆ ಅಂಚಿಗೆ ಬಂದಂತೆ, ಏಕೆಂದರೆ ತಿರುಗಲು ಶುರುವಾಗುವ ಕ್ಷಣದಲ್ಲಿ ಕರೆಂಟ್ ಇನ್ನೂ ಹೆಚ್ಚು ಎಳೆಯುತ್ತದೆ. ಅಂಥ ಕಡೆ ಪವರ್ ಸಪ್ಲೈಯಿಂದ ನೇರವಾಗಿ ಸಾಟಾ ವೈರಿನಲ್ಲಿ ವಿದ್ಯುತ್ ಪಡೆಯುವ ಹಬ್ (ಹಲವು ಫ್ಯಾನ್ ಸಿಕ್ಕಿಸುವ ಪೆಟ್ಟಿಗೆ) ಹಾಕಿ. ಹಬ್‌ನಲ್ಲಿ ಒಂದೇ ಫ್ಯಾನಿನ ವೇಗ ಮದರ್‌ಬೋರ್ಡಿಗೆ ವರದಿಯಾಗುತ್ತದೆ, ಹಾಗಾಗಿ ಉಳಿದವು ನಿಂತುಹೋದರೂ ಪರದೆಯ ಮೇಲೆ ಗೊತ್ತಾಗದು. ಆಗಾಗ ಕಣ್ಣಲ್ಲೇ ನೋಡಿ. ಎಐಓದ ಪಂಪನ್ನು ಪಂಪ್ ಹೆಡರಿಗೆ ಹಾಕಿ, ತಯಾರಕರು ಬೇರೆ ಹೇಳದಿದ್ದರೆ ಶೇ 100ಕ್ಕೆ ಬಿಡಿ. ಸಿಪಿಯು ಫ್ಯಾನ್ ಹೆಡರ್ ಖಾಲಿ ಬಿಟ್ಟರೆ ಅನೇಕ ಬೋರ್ಡ್‌ಗಳು ಆನ್ ಆಗುವಾಗಲೇ ದೋಷ ತೋರಿಸಿ ನಿಲ್ಲುತ್ತವೆ, ಅಲ್ಲಿಗೆ ರೇಡಿಯೇಟರಿನ ಫ್ಯಾನ್ ಹೋಗಲಿ. ದೀಪದ ವೈರ್ ಬೇರೆಯೇ: ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. ಮೊದಲನೆಯದನ್ನು ಎರಡನೆಯದರ ಹೆಡರಿಗೆ ಒತ್ತಿ ತೂರಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಮಂದಿ ತಪ್ಪುವುದು ವೇಗದ ಸೆಟ್ಟಿಂಗ್‌ನಲ್ಲಿ. ಬಯಾಸ್ ತಾನಾಗಿಯೇ ಫ್ಯಾನನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟಿಹಾಕಿರುತ್ತದೆ. ಒಂದು ವೆಬ್ ಪುಟ ತೆರೆದರೂ ಪ್ರೊಸೆಸರ್ ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ಏರಿ ಇಳಿಯಬಲ್ಲದು. ಫ್ಯಾನ್ ಅದರ ಹಿಂದೆ ಓಡಿ ಏರುತ್ತಾ ಇಳಿಯುತ್ತಾ ಗೋಳಿಡುತ್ತದೆ, ಉಪಯೋಗ ಮಾತ್ರ ಸೊನ್ನೆ, ಏಕೆಂದರೆ ಅಷ್ಟರಲ್ಲಿ ನೀರು ಬಿಸಿಯೇ ಆಗಿರುವುದಿಲ್ಲ. ಒಂದು ಲೀಟರ್ ನೀರಿಗೆ 300 ವಾಟ್ ಕೊಟ್ಟರೆ, ಶಾಖ ಎಲ್ಲೂ ಹೊರಹೋಗದಿದ್ದರೂ, 10 ಡಿಗ್ರಿ ಏರಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಫ್ಯಾನ್ ಕೇಳಬೇಕಾದದ್ದು ನೀರಿನ ಉಷ್ಣತೆಯನ್ನು. ಪೈಪ್ ಜೋಡಿಸಿ ತಾವೇ ಕಟ್ಟುವವರು ಪೈಪ್ ಜೋಡಣೆಗೆ ಹೊಂದುವ ಜಿ1/4 ಅಳತೆಯ 10 ಕಿಲೋಓಮ್ ಉಷ್ಣತೆ ಸೆನ್ಸರ್ ಹಾಕಿ, ಅದರ ಎರಡು ಪಿನ್ನನ್ನು ಮದರ್‌ಬೋರ್ಡಿನ ಟಿ-ಸೆನ್ಸರ್ ಹೆಡರಿಗೆ ಕೊಡಬಹುದು. ಆ ಹೆಡರ್ ಎಲ್ಲ ಬೋರ್ಡ್‌ಗಳಲ್ಲೂ ಇರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಎಷ್ಟೋ ಎಐಓಗಳಲ್ಲಿ ಸೆನ್ಸರ್ ಒಳಗೇ ಇದ್ದು, ಅದರ ಸಾಫ್ಟ್‌ವೇರ್‌ನಲ್ಲಿ ಆರಿಸಿಕೊಂಡರೆ ಸಾಕು. ಯಾವುದೂ ಇಲ್ಲವೆಂದರೆ ಬಯಾಸ್‌ನಲ್ಲಿ ವೇಗ ಬದಲಾಗುವ ವಿಳಂಬವನ್ನು ಇರುವಷ್ಟು ಹೆಚ್ಚಿಸಿ.

ನೀರಿಗೂ ಕೋಣೆಯ ಗಾಳಿಗೂ ಇರುವ ಅಂತರವೇ ಅಳತೆಗೋಲು. ಅಂತರ 5 ಡಿಗ್ರಿ ಆಗುವವರೆಗೆ 600 ಆರ್‌ಪಿಎಂ, 10ಕ್ಕೆ 900, 15ಕ್ಕೆ 1300, 20 ದಾಟಿದರೆ ಪೂರ್ಣ ವೇಗ ಎಂದು ಆರಂಭಿಸಿ, ಆಮೇಲೆ ಕಿವಿಗೆ ತಕ್ಕಂತೆ ತಿದ್ದಿಕೊಳ್ಳಿ. ಕೆಲಸದ ಹೊರೆಯಲ್ಲಿ ಈ ಅಂತರ 10 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಬಹಳ ಒಳ್ಳೆಯ ವ್ಯವಸ್ಥೆ. ನೀರು 60 ಡಿಗ್ರಿ ಮುಟ್ಟಬಾರದು. ಹಲವು ಪಂಪ್‌ಗಳಿಗೂ ಪೈಪ್‌ಗಳಿಗೂ ತಯಾರಕರು ಹಾಕಿರುವ ಮಿತಿ ಅದು. ಯಾವುದೋ ಒಂದು ವೇಗದಲ್ಲಿ ಮಾತ್ರ ಕ್ಯಾಬಿನೆಟ್ ಝೇಂಕರಿಸಿದರೆ ಆ ವೇಗವನ್ನು ಹಾರಿಸಿ ಹೋಗುವಂತೆ ಹೊಂದಿಸಿ. ಅಕ್ಕಪಕ್ಕದ ಫ್ಯಾನುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಅಲೆಯಲೆಯಾಗಿ ಮೊರೆದರೆ ಒಂದನ್ನು 50 ಆರ್‌ಪಿಎಂ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಅಡಗುತ್ತದೆ.

ದೂಳು ತೆಗೆಯಲು ಗಾಳಿ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ; ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ರೇಡಿಯೇಟರನ್ನು ಮೇಲೆ ಅಡ್ಡಲಾಗಿ ಹಾಕುವವರು ಸ್ಲೀವ್ ಬೇರಿಂಗಿನ ಫ್ಯಾನ್ ಬಿಟ್ಟು ಫ್ಲೂಯಿಡ್ ಡೈನಾಮಿಕ್ ಅಥವಾ ಬಾಲ್ ಬೇರಿಂಗಿನದನ್ನು ಆರಿಸಲಿ, ಮಲಗಿಸಿದ ಸ್ಥಿತಿಯಲ್ಲಿ ಸ್ಲೀವ್ ಬೇಗ ಸವೆಯುತ್ತದೆ.

ಕಡೆಯದಾಗಿ ಪತ್ರಿಕೆಯಲ್ಲಿ ಒಂದು ಕೋರಿಕೆ. ಕೂಲರ್ ಅಥವಾ ಫ್ಯಾನಿನ ವಿಮರ್ಶೆ ಪ್ರಕಟಿಸುವಾಗ ಪ್ರೊಸೆಸರ್ ಎಷ್ಟು ಡಿಗ್ರಿ ಎಂಬ ಒಂದೇ ಅಂಕಿ ಕೊಡಬೇಡಿ. ಕೋಣೆಯ ಉಷ್ಣತೆ, ನೀರಿನ ಉಷ್ಣತೆ, ಫ್ಯಾನಿನ ವೇಗ, ಎಷ್ಟು ವಾಟ್ ಹೊರೆ ಎಂಬ ನಾಲ್ಕನ್ನೂ ಜೊತೆಗೆ ಅಚ್ಚು ಮಾಡಿ. ಹೊರೆ ಹಾಕಿ ಕನಿಷ್ಠ 30 ನಿಮಿಷ ಕಾದು, ನೀರು ಒಂದು ಮಟ್ಟದಲ್ಲಿ ನಿಂತ ಮೇಲೆ ತೆಗೆದ ಅಂಕಿಗಳಾಗಿರಲಿ. ಎರಡು ಫ್ಯಾನ್‌ಗಳನ್ನು ಹೋಲಿಸುವಾಗ ಒಂದೇ ಆರ್‌ಪಿಎಂಗೆ ಅಲ್ಲ, ಒಂದೇ ಡೆಸಿಬಲ್‌ಗೆ ತಂದು ಹೋಲಿಸಿ, ಮೈಕನ್ನು ಎಷ್ಟು ದೂರದಲ್ಲಿಟ್ಟು ಅಳೆದಿದ್ದು ಎಂಬುದನ್ನೂ ಬರೆಯಿರಿ. ಇಷ್ಟು ಇದ್ದರೆ ಓದುಗರು ತಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೆ ಎಂದು ತಾವೇ ಲೆಕ್ಕ ಹಾಕಿಕೊಳ್ಳಬಲ್ಲರು.

ಇಂತಿ,
ತಮ್ಮ ಓದುಗ